ಸಿಪ್ಪೆಯಿಂದ ಚೀಲ

ಅಕ್ಕಂದಿರೇ, ಅಡುಗೆ ಆದ ಮೇಲೆ ಏನೇನು ಉಳಿಯುತ್ತದೆ? ಆಲೂಗಡ್ಡೆ ಸಿಪ್ಪೆ, ಬಾಳೆಹಣ್ಣಿನ ಸಿಪ್ಪೆ, ರಾತ್ರಿಯ ಅನ್ನ. ಇದನ್ನು ನಾವು ಪ್ಲಾಸ್ಟಿಕ್ ಚೀಲಕ್ಕೆ ತುಂಬ್ತೀವಿ. ಗಂಟು ಹಾಕಿ ಬೀದಿಗೆ ಎಸೀತೀವಿ.

ಹಸು ಬರುತ್ತದೆ. ಅನ್ನದ ವಾಸನೆ ಹಿಡಿಯುತ್ತದೆ. ಗಂಟು ಬಿಚ್ಚಲು ಅದಕ್ಕೆ ಕೈ ಇದೆಯೇ? ಚೀಲದ ಸಮೇತ ನುಂಗುತ್ತದೆ. ಚೀಲ ಹೊಟ್ಟೆಯಲ್ಲಿ ಕರಗುವುದಿಲ್ಲ. ಹಸು ಮೇವು ಬಿಡುತ್ತದೆ. ಸಾಯಲೂಬಹುದು. ಹಸು ಹೋದರೆ ನಮ್ಮ ಡೇರಿ ದುಡ್ಡೂ ಹೋಯಿತು.

ಗುಂಡ್ಲುಪೇಟೆಯಿಂದ ಊಟಿಗೆ ಹೋಗುವ ರಸ್ತೆ ಬಂಡೀಪುರದ ಕಾಡಿನೊಳಗೆ ಹೋಗುತ್ತದೆ. ಅಲ್ಲಿ ಎಸೆದ ಚೀಲಕ್ಕೆ ಜಿಂಕೆ, ಆನೆ ಬಾಯಿ ಹಾಕುತ್ತವೆ.

ಹಾಗಾದರೆ ಸಿಪ್ಪೆಯಿಂದಲೇ ಚೀಲ ಮಾಡಬಹುದೇ? ಮಾಡಬಹುದು.

ಹತ್ತಿ ಸೀರೆಗೆ ಗಂಜಿ ಹಾಕ್ತೀವಲ್ಲ? ಒಣಗಿದ ಮೇಲೆ ಸೀರೆ ಗರಿಗರಿ ಆಗುತ್ತದೆ. ಗಂಜಿಯ ಸತ್ವಕ್ಕೆ ಪಿಷ್ಟ ಎನ್ನುತ್ತಾರೆ. ಅದು ಒಣಗಿ ತೆಳು ಪದರ ಆಗುತ್ತದೆ. ಇದೇ ಗುಟ್ಟು.

ಆಲೂಗಡ್ಡೆ ಸಿಪ್ಪೆ ತೊಳೆದು ರುಬ್ಬಿ. ನೀರಿನಲ್ಲಿ ಕದಡಿ ಸೋಸಿ. ಸೋಸಿದ ನೀರನ್ನು ಅಲುಗಿಸದೆ ಇಡಿ. ತಳದಲ್ಲಿ ಬಿಳಿ ಪಿಷ್ಟ ಕೂರುತ್ತದೆ. 1 ದೊಡ್ಡ ಚಮಚ ಪಿಷ್ಟಕ್ಕೆ 4 ದೊಡ್ಡ ಚಮಚ ನೀರು ಹಾಕಿ. ವಿನಿಗರ್ 1 ಸಣ್ಣ ಚಮಚ, ಗ್ಲಿಸರಿನ್ 1 ಸಣ್ಣ ಚಮಚ ಸೇರಿಸಿ. ಸಣ್ಣ ಉರಿಯಲ್ಲಿ ತಿರುವಿ. ಅಂಟಿನಂತೆ ಆದಾಗ ತಟ್ಟೆಗೆ ತೆಳ್ಳಗೆ ಹರಡಿ, ಒಣಗಿಸಿ. ಬಾಗುವ ಹಾಳೆ ಸಿಗುತ್ತದೆ. ಗ್ಲಿಸರಿನ್ ಹಾಕದಿದ್ದರೆ ಹಪ್ಪಳದಂತೆ ಮುರಿಯುತ್ತದೆ.

ಈ ಹಾಳೆ ನೀರು ತಾಗಿದರೆ ಮೆತ್ತಗಾಗುತ್ತದೆ. ಗಟ್ಟಿ ಚೀಲಕ್ಕೆ ಕಾರ್ಖಾನೆ ಬೇಕು. ಅಲ್ಲಿ ಪಿಷ್ಟವನ್ನು ಸಕ್ಕರೆ ಮಾಡಿ ಹುಳಿ ಬರಿಸುತ್ತಾರೆ. ಹುಳಿ ಮೊಸರಿನಲ್ಲಿ ಇರುವುದೂ ಅದೇ ಹುಳಿ. ಅದರ ಹೆಸರು ಲ್ಯಾಕ್ಟಿಕ್ ಆಮ್ಲ. ಅದರ ಕಣಗಳನ್ನು ಹೂವಿನಂತೆ ಪೋಣಿಸಿದರೆ ಪಿಎಲ್‌ಎ ಎಂಬ ಪ್ಲಾಸ್ಟಿಕ್ ಆಗುತ್ತದೆ. ಇದನ್ನು ಹೆಚ್ಚಾಗಿ ಮುಸುಕಿನ ಜೋಳ, ಕಬ್ಬಿನಿಂದ ಮಾಡುತ್ತಾರೆ. ಎರಡೂ ನಮ್ಮ ಚಾಮರಾಜನಗರ ಸೀಮೆಯ ಬೆಳೆಗಳೇ. ಸಿಪ್ಪೆ, ಉಳಿದ ಅನ್ನದಿಂದಲೂ ಮಾಡಲು ಪ್ರಯೋಗ ನಡೆದಿದೆ.

ಆದರೆ ಎಚ್ಚರ! ಕೊಳೆಯುವ ಚೀಲ ಅಂತ ಬೀದಿಗೆ ಎಸೆಯಬಾರದು. ಪಿಎಲ್‌ಎ ಚೀಲ ಬೇಗ ಕೊಳೆಯಲು ಸುಮಾರು 60 ಡಿಗ್ರಿ ಶಾಖದ ಗೊಬ್ಬರದ ರಾಶಿ ಬೇಕು. ಚರಂಡಿಯಲ್ಲಿ ಅದೂ ವರ್ಷಗಟ್ಟಲೆ ಉಳಿಯುತ್ತದೆ. ಹಸು ನುಂಗಿದರೆ ಅದೂ ಅಪಾಯವೇ.

ಇವತ್ತೇ ಏನು ಮಾಡಬಹುದು? ಹಸಿ ಸಿಪ್ಪೆಯನ್ನು ಕಲಗಚ್ಚಿಗೆ ಹಾಕೋಣ. ಕೊಳೆತದ್ದನ್ನು ತಿಪ್ಪೆಗೆ ಹಾಕೋಣ. ಸಂತೆಗೆ ಬಟ್ಟೆ ಚೀಲ ಒಯ್ಯೋಣ. ನಮ್ಮ ರಾಜ್ಯದಲ್ಲಿ 2016ರಲ್ಲೇ ಪ್ಲಾಸ್ಟಿಕ್ ಚೀಲ ನಿಷೇಧ ಆಗಿದೆ.

ಈ ವಾರ ನಿಮ್ಮ ಮನೆಯಿಂದ ಎಷ್ಟು ಪ್ಲಾಸ್ಟಿಕ್ ಚೀಲ ಹೊರಗೆ ಹೋಯಿತು? ಎಣಿಸಿ. ನಿಮ್ಮ ಕೈಯಲ್ಲೇ ಬರೆಯಿರಿ.