ಸಕ್ಕರೆ ಕಾಯಿಲೆಯ ಮಗುವಿಗೆ ಚಪಾತಿಯೂ ಬೇಡವಾದಾಗ

ಮನೆಯಲ್ಲಿ ಯಾರಿಗಾದರೂ ಸಕ್ಕರೆ ಕಾಯಿಲೆ ಬಂದಿತೆಂದರೆ ಕರ್ನಾಟಕದ ಬಹುತೇಕ ಅಡುಗೆಮನೆಗಳಲ್ಲಿ ಆಗುವ ಮೊದಲ ಬದಲಾವಣೆ ಒಂದೇ. ರಾತ್ರಿಯ ಅನ್ನ ಹೋಗಿ ಚಪಾತಿ ಬರುತ್ತದೆ. ಅಜ್ಜನಿಗೆ ನಡೆದ ಪಥ್ಯವೇ ಎಂಟು ವರ್ಷದ ಮೊಮ್ಮಗಳಿಗೂ ನಡೆಯುತ್ತದೆ. ಹೆಚ್ಚಿನ ಮಕ್ಕಳಿಗೆ ಇದರಿಂದ ತೊಂದರೆಯೇನಿಲ್ಲ. ಆದರೆ ಕೆಲವರಲ್ಲಿ ಆ ಚಪಾತಿಯೇ ಸದ್ದಿಲ್ಲದೆ ಕರುಳನ್ನು ಕೆಡಿಸುತ್ತಿರುತ್ತದೆ.

ಈ ತೊಂದರೆಯ ಹೆಸರು ಸೀಲಿಯಾಕ್ ಕಾಯಿಲೆ. ಗೋಧಿ, ಬಾರ್ಲಿ ಮತ್ತು ರೈ ಧಾನ್ಯಗಳಲ್ಲಿರುವ ಗ್ಲುಟೆನ್ ಎಂಬ ಪ್ರೋಟೀನು ಒಳಹೋದಾಗ ದೇಹದ ರಕ್ಷಣಾ ವ್ಯವಸ್ಥೆ ತನ್ನದೇ ಸಣ್ಣ ಕರುಳಿನ ಮೇಲೆ ತಿರುಗಿಬೀಳುತ್ತದೆ. ಆಹಾರದ ಸಾರವನ್ನು ಹೀರುವ ಸೂಕ್ಷ್ಮ ಚಾಚುಗಳು ಚಪ್ಪಟೆಯಾಗುತ್ತವೆ. ಮಕ್ಕಳಲ್ಲಿ ಸಾಮಾನ್ಯವಾಗಿ ಕಾಣುವ ಟೈಪ್ 1 ಮಧುಮೇಹವೂ ಇದೇ ಜಾತಿಯದು. ಅಲ್ಲಿ ದಾಳಿ ನಡೆಯುವುದು ಇನ್ಸುಲಿನ್ ತಯಾರಿಸುವ ಜೀವಕೋಶಗಳ ಮೇಲೆ. ಎರಡಕ್ಕೂ ದಾರಿಮಾಡುವ ಕೆಲವು ವಂಶವಾಹಿಗಳು ಒಂದೇ ಆಗಿರುವುದರಿಂದ, ಮಧುಮೇಹದ ಮಕ್ಕಳಲ್ಲಿ ಸೀಲಿಯಾಕ್ ಇತರ ಮಕ್ಕಳಿಗಿಂತ ಹಲವು ಪಟ್ಟು ಹೆಚ್ಚು.

ಗೋಧಿಯ ಮೇಲೆ ಮೊದಲು ಅನುಮಾನಪಟ್ಟವರು ಹಾಲೆಂಡಿನ ಮಕ್ಕಳ ವೈದ್ಯ ವಿಲ್ಲೆಮ್ ಡಿಕೆ. 1944-45ರ ಚಳಿಗಾಲದಲ್ಲಿ, ಯುದ್ಧದಿಂದಾಗಿ ಬ್ರೆಡ್ಡಿಗೂ ಗತಿಯಿಲ್ಲದಿದ್ದಾಗ, ಊರೆಲ್ಲ ಹಸಿದಿದ್ದರೂ ಈ ಕಾಯಿಲೆಯ ಮಕ್ಕಳು ಚೇತರಿಸಿಕೊಂಡರು. ಬ್ರೆಡ್ ಮರಳಿ ಬಂದಾಗ ಮತ್ತೆ ಸೊರಗಿದರು. 1950ರಲ್ಲಿ ಅವರು ಇದನ್ನೇ ಪ್ರಬಂಧವಾಗಿ ಬರೆದರು.

ಭಾರತದಲ್ಲಿ ವಯಸ್ಕರ ಬಗ್ಗೆ 2016ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಉತ್ತರದಲ್ಲಿ ನೂರಕ್ಕೆ ಒಬ್ಬರಿಗಿಂತ ತುಸು ಹೆಚ್ಚು, ದಕ್ಷಿಣದಲ್ಲಿ ಸಾವಿರಕ್ಕೆ ಒಬ್ಬರಲ್ಲಿ ಸೀಲಿಯಾಕ್ ಕಂಡುಬಂತು. ದಕ್ಷಿಣದಲ್ಲಿ ಅಪರೂಪ ಎಂಬುದೇ ಇಲ್ಲಿನ ಮಕ್ಕಳಿಗೆ ಅಪಾಯ. ಯಾರಿಗೂ ಅದು ಹೊಳೆಯುವುದಿಲ್ಲ.

ಇನ್ಸುಲಿನ್ ಹಾಕಿ ಉಣಿಸಿದರೂ ಮಗುವಿನ ಸಕ್ಕರೆ ಕಾರಣವಿಲ್ಲದೆ ಪದೇಪದೇ ಇಳಿಯುತ್ತಿದ್ದರೆ ಅನುಮಾನಿಸಬೇಕು. ಉಂಡದ್ದು ಸರಿಯಾಗಿ ರಕ್ತಕ್ಕೆ ಸೇರುತ್ತಿಲ್ಲ, ಇನ್ಸುಲಿನ್ ಮಾತ್ರ ತನ್ನ ಕೆಲಸ ಮಾಡುತ್ತಿದೆ. ಎತ್ತರ ಬೆಳೆಯದಿರುವುದು, ಕಬ್ಬಿಣದ ಟಾನಿಕ್‌ಗೂ ಜಗ್ಗದ ರಕ್ತಹೀನತೆ, ಹೊಟ್ಟೆಯುಬ್ಬರ, ಭೇದಿ ಇತರ ಸೂಚನೆಗಳು. ಅನೇಕ ಮಕ್ಕಳಲ್ಲಿ ಯಾವ ಲಕ್ಷಣವೂ ಇರುವುದಿಲ್ಲ. ಅದಕ್ಕಾಗಿಯೇ ಮಧುಮೇಹ ಗೊತ್ತಾದಾಗ ಒಮ್ಮೆ, ಎರಡು ವರ್ಷದೊಳಗೆ ಒಮ್ಮೆ, ಐದು ವರ್ಷಕ್ಕೆ ಮತ್ತೊಮ್ಮೆ ಟಿಟಿಜಿ ಎಂಬ ರಕ್ತಪರೀಕ್ಷೆ ಮಾಡಿಸಲು ತಜ್ಞರು ಹೇಳುತ್ತಾರೆ. ಅದರಲ್ಲಿ ಅನುಮಾನ ಬಂದರೆ ಸಾಮಾನ್ಯವಾಗಿ ಎಂಡೋಸ್ಕೋಪಿಯಲ್ಲಿ ಕರುಳಿನ ಚೂರು ತೆಗೆದು ನೋಡುತ್ತಾರೆ. ಪರೀಕ್ಷೆಗೆ ಮೊದಲೇ ಗೋಧಿ ನಿಲ್ಲಿಸಬಾರದು. ನಿಲ್ಲಿಸಿದರೆ ಕಾಯಿಲೆಯಿದ್ದೂ ಇಲ್ಲವೆಂಬ ಫಲಿತಾಂಶ ಬರಬಹುದು.

ಖಚಿತವಾದರೆ ಔಷಧ ಒಂದೇ: ಜೀವನಪೂರ್ತಿ ಗ್ಲುಟೆನ್ ಇಲ್ಲದ ಊಟ. ಪಂಜಾಬಿನ ತಾಯಿಗಿಂತ ಕನ್ನಡದ ತಾಯಿಗೆ ಇದು ಸುಲಭವೆನ್ನಬೇಕು. ರಾಗಿ, ಜೋಳ, ಅಕ್ಕಿ, ನವಣೆ, ಸಾಮೆ, ಬೇಳೆಕಾಳು ಯಾವುದರಲ್ಲೂ ಗ್ಲುಟೆನ್ ಇಲ್ಲ. ಮುದ್ದೆ, ಜೋಳದ ರೊಟ್ಟಿ, ಇಡ್ಲಿ ನಡೆಯುತ್ತವೆ. ರವೆ ಉಪ್ಪಿಟ್ಟು, ಗೋಧಿ ಶಾವಿಗೆ, ಮೈದಾ ಹೋಳಿಗೆ ಕೂಡದು. ಬಾರ್ಲಿ ಮಾಲ್ಟ್ ಬೆರೆತ ಹಾಲಿನ ಪುಡಿಯೂ ಕೂಡದು. ಯಾರೂ ನೆನಸದ ಶತ್ರು ಸಾರಿನ ಒಗ್ಗರಣೆಯ ಇಂಗು. ಅಂಗಡಿಯ ಇಂಗಿಗೆ ಅನೇಕ ವೇಳೆ ಗೋಧಿ ಹಿಟ್ಟು ಬೆರೆಸಿರುತ್ತಾರೆ. ಇನ್ನೊಂದು ಹಿಟ್ಟಿನ ಗಿರಣಿ. ಮುಂದಿನವರ ಗೋಧಿ ಬೀಸಿದ ಕಲ್ಲಿನಲ್ಲೇ ರಾಗಿ ಬೀಸಿದರೆ ಗೋಧಿಯೂ ಮನೆಗೆ ಬಂದಂತೆ. ಧಾನ್ಯವನ್ನು ಆರಿಸಿ ತೊಳೆದು ಮನೆಯಲ್ಲೇ ಪುಡಿಮಾಡಿಕೊಳ್ಳುವುದು ಕ್ಷೇಮ.

ಗೋಧಿ ಬಿಟ್ಟರೆ ಸಾಲದು, ಸಕ್ಕರೆಯ ಲೆಕ್ಕವೂ ತಪ್ಪಬಾರದು. ಅನ್ನ ಬೇಗ ಸಕ್ಕರೆ ಏರಿಸುತ್ತದೆ. ರಾಗಿಯೆಂದು ಅಳತೆ ಮೀರುವಂತಿಲ್ಲ. ಗ್ಲುಟೆನ್ ಇಲ್ಲವೆಂದು ಮಾರುವ ದುಬಾರಿ ಬಿಸ್ಕತ್ತುಗಳಲ್ಲಿ ನಾರು ಕಡಿಮೆ, ಪಿಷ್ಟ ಹೆಚ್ಚು. ಕರುಳು ವಾಸಿಯಾದಂತೆ ಆಹಾರ ಚೆನ್ನಾಗಿ ಮೈಗೆ ಹತ್ತಿ ಇನ್ಸುಲಿನ್ ಹೆಚ್ಚು ಬೇಕಾಗಬಹುದು. ಆ ತಿಂಗಳುಗಳಲ್ಲಿ ಸಕ್ಕರೆಯನ್ನು ಇನ್ನಷ್ಟು ಬಾರಿ ಪರೀಕ್ಷಿಸಿ, ವೈದ್ಯರನ್ನು ಕೇಳಿ ಪ್ರಮಾಣ ಬದಲಿಸಬೇಕು.

ಕಷ್ಟ ಹೆಚ್ಚಾಗಿ ಮನೆಯ ಹೊರಗೇ. ಹೊಟ್ಟೆನೋವೇ ಬಾರದ ಹುಡುಗ "ಒಂದು ಪಫ್ ತಿಂದರೆ ಏನಾಯ್ತಮ್ಮಾ?" ಎನ್ನುತ್ತಾನೆ. ಪ್ರಶ್ನೆ ನ್ಯಾಯವಾದದ್ದೇ. ನೋವಿಲ್ಲದಿದ್ದರೂ ಕರುಳು ಕೆಡುತ್ತದೆಂದು ಅವನಿಗೆ ವಯಸ್ಸಿಗೆ ತಕ್ಕಂತೆ ತಿಳಿಸಿಹೇಳಬೇಕು, ಬೈದರೆ ಕದ್ದು ತಿನ್ನುತ್ತಾನೆ. ತರಗತಿಯಲ್ಲಿ ಮಗು ಬೆವತು ನಡುಗಿದರೆ ಟೀಚರ್ ಕೊಡುವುದು ಬಿಸ್ಕತ್ತನ್ನೇ. ಅದರ ಬದಲು ಗ್ಲೂಕೋಸ್ ಪುಡಿಯ ಪೊಟ್ಟಣವನ್ನೂ, ಎಷ್ಟು ಚಮಚ ಕೊಡಬೇಕೆಂದು ಬರೆದ ಚೀಟಿಯನ್ನೂ ಅವರ ಮೇಜಿನ ಡ್ರಾಯರಿನಲ್ಲಿ ವರ್ಷದ ಮೊದಲ ದಿನವೇ ಇಟ್ಟು ಬರಬೇಕು.