ಕಿಲುಬಿನ ಸಾಕ್ಷ್ಯ

ಹೊಸದನ್ನು ಹಳೆಯದೆಂದು ತೋರಿಸುವ ವಿದ್ಯೆ ನಮ್ಮ ಕಾಲದಲ್ಲಿ ಹುಟ್ಟಿದ್ದೆಂದು ಯಾರಾದರೂ ಭಾವಿಸಿದ್ದರೆ ಅವರು ಶಾಸನಗಳ ಲೋಕವನ್ನು ಒಮ್ಮೆ ಹೊಕ್ಕು ನೋಡಬೇಕು. ಗತಿಸಿದ ಅರಸನ ಹೆಸರಿನಲ್ಲಿ ತಾಮ್ರಪಟ ಕೆತ್ತಿಸಿಕೊಂಡು ಭೂಮಿಗೆ ಹಕ್ಕು ಸಾಧಿಸಿದವರು ಹಿಂದೆಯೂ ಇದ್ದರು. ವಿದ್ವಾಂಸರು ಅಂಥವಕ್ಕೆ ಕೂಟಶಾಸನವೆಂಬ ಹೆಸರನ್ನೇ ಇಟ್ಟಿದ್ದಾರೆ. ಗಂಗರ ತಾಮ್ರಪಟಗಳಲ್ಲಿ ಅನೇಕವು ಈ ಬಗೆಯವೆಂದು ಜೆ. ಎಫ್. ಫ್ಲೀಟ್ ವಾದಿಸಿದರು, ಬಿ. ಎಲ್. ರೈಸ್ ಅವುಗಳ ಪರವಾಗಿ ನಿಂತರು. ಆ ವಾದದ ಜಯಾಪಜಯಗಳು ಹಾಗಿರಲಿ. ಫ್ಲೀಟರು ಹಿಡಿದ ಒರೆಗಲ್ಲು ಮಾತ್ರ ಇಂದಿಗೂ ಸವೆದಿಲ್ಲ: ಶಾಸನ ಹೇಳಿಕೊಳ್ಳುವ ಕಾಲವೂ ಅದರ ಅಕ್ಷರಗಳ ಕಾಲವೂ ಒಂದೇ ಆಗಿದೆಯೇ?

ಈಗ ಈ ಪ್ರಶ್ನೆಯನ್ನು ಕೇಳಬೇಕಾದವರು ಪಂಡಿತರಷ್ಟೇ ಅಲ್ಲ. ನಾಣ್ಯ, ವಿಗ್ರಹ, ಓಲೆಗರಿ, ದೀಪದ ಕಂಬ ಎಲ್ಲವೂ ಅಂತರ್ಜಾಲದ ಸಂತೆಗೆ ಬಂದಿವೆ. ಮನೆಯಲ್ಲಿ ಕುಳಿತೇ ಕೊಳ್ಳಬಹುದು. ಆದರೆ ಇದು ನೀರೊಳಗಿನ ಎಮ್ಮೆಗೆ ದಡದ ಮೇಲೆ ನಿಂತು ಬೆಲೆ ಕಟ್ಟುವ ವ್ಯಾಪಾರ. ಕೊಂಬಷ್ಟೇ ಕಾಣುತ್ತದೆ, ಕಾಲಿನ ಕುಂಟು ಕಾಣುವುದಿಲ್ಲ.

ನಾಣ್ಯಗಳ ಗೀಳು ಸ್ವಲ್ಪಮಟ್ಟಿಗೆ ನನಗೂ ಇರುವುದರಿಂದ ಪರಿಚಿತ ವಿದ್ಯಾರ್ಥಿಗಳು ಆಗಾಗ ಒಂದು ಚಿತ್ರವನ್ನು ತಂದು ತೋರಿಸುವುದುಂಟು. ಒಂದು ಮುಖದಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಹೆಸರು, 1818ರ ಇಸವಿ. ಇನ್ನೊಂದರಲ್ಲಿ ಹನುಮಂತ, ಇಲ್ಲವೆ ಸೀತಾರಾಮಲಕ್ಷ್ಮಣರು. ಬೆಲೆ ಸಾವಿರಗಳಲ್ಲಿ, ಕೆಲವೊಮ್ಮೆ ಲಕ್ಷಗಳಲ್ಲಿ. ಅಕ್ಕಿಯನ್ನು ಸೆಳೆಯುವ ಶಕ್ತಿ ಇದಕ್ಕಿದೆ ಎಂಬ ಮಾತನ್ನು ನಂಬಿ ಹಣ ಕಳೆದುಕೊಂಡವರು ನಮ್ಮ ನಾಡಿನಲ್ಲಿಯೂ ಇದ್ದಾರೆ. ಕಂಪನಿ ಇಂಥ ಆಣೆಯ ನಾಣ್ಯವನ್ನು ಟಂಕಿಸಿಯೇ ಇಲ್ಲ. ಮದರಾಸಿನಲ್ಲಿ ಅದು ಹೊರಡಿಸಿದ ವರಹಗಳ ಮೇಲೆ ದೇವರ ಮೂರ್ತಿಯಿದ್ದದ್ದು ನಿಜ. ಆ ಒಂದು ನಿಜವೇ ಈ ಸುಳ್ಳಿಗೆ ಆಸರೆಯಾಗಿದೆ.

ಹಾಗಾದರೆ ಪರೀಕ್ಷೆ ಹೇಗೆ? ಹಿಂದಿನ ಟಂಕಸಾಲೆಯಲ್ಲಿ ಲೋಹದ ಬಿಲ್ಲೆಯನ್ನು ಅಚ್ಚಿನ ನಡುವೆ ಇಟ್ಟು ಹೊಡೆಯುತ್ತಿದ್ದರು. ಅದರಿಂದ ಅಕ್ಷರದ ಅಂಚು ಚೂಪಾಗಿ ಏಳುತ್ತದೆ. ಎರಕದ ನಕಲಿನಲ್ಲಿ ಅಕ್ಷರ ಮೊಂಡು. ಮೈಮೇಲೆ ಸೂಜಿಮೊನೆಯಷ್ಟು ಗುಳಿಗಳು. ಅಂಚಿನ ಸುತ್ತ ಬೆಸುಗೆಯಂಥ ಗೆರೆ. ಎರಡು ನಾಣ್ಯಗಳಲ್ಲಿ ಒಂದೇ ಗೀರು ಒಂದೇ ಕಡೆ ಕಂಡರೆ ಅವು ಒಂದೇ ಎರಕದಚ್ಚಿನ ಮಕ್ಕಳೆಂದು ತಿಳಿಯಬಹುದು. ವಿಜಯನಗರದ ಚಿನ್ನದ ವರಹ ಸುಮಾರು 3.4 ಗ್ರಾಂ ತೂಗುತ್ತದೆ. ಅದಕ್ಕಿಂತ ಬಹಳ ಹಗುರವಾದದ್ದನ್ನು ಕೃಷ್ಣದೇವರಾಯನ ಪೂರ್ಣ ವರಹವೆಂದು ಹೇಳಿದರೆ ಅನುಮಾನಿಸಲೇಬೇಕು. ಕಿಲುಬನ್ನೂ ಕೂಡಲೇ ನಂಬಬಾರದು. ಕಾಲ ಹಿಡಿಸಿದ ಕಿಲುಬು ಲೋಹಕ್ಕೆ ಅಂಟಿಕೊಂಡು ಬೆಳೆದಿರುತ್ತದೆ. ರಾಸಾಯನಿಕ ಹಚ್ಚಿ ತಂದ ಹಸಿರು ಅನೇಕ ವೇಳೆ ಉಗುರಿಗೇ ಉದುರುತ್ತದೆ. ಇವೆಲ್ಲ ಪರದೆಯ ಮೇಲೆ ತಾವಾಗಿ ಕಾಣುವುದಿಲ್ಲ. ಅಂಚಿನ ಚಿತ್ರ, ತೂಕ, ಅಳತೆ ಇವನ್ನು ಕೇಳಿ ಪಡೆಯಬೇಕು. ಕೊಡಲೊಲ್ಲದ ಮಾರಾಟಗಾರ, ಇನ್ನೊಬ್ಬರು ಕಾದಿದ್ದಾರೆಂದು ಅವಸರಪಡಿಸುವವನು, ವಿಳಾಸವಿಲ್ಲದವನು, ಸರಕನ್ನು ಹಿಂದಕ್ಕೆ ಪಡೆಯದವನು, ಇವರೆಲ್ಲ ತಮ್ಮ ಪರಿಚಯವನ್ನು ತಾವೇ ಮಾಡಿಕೊಟ್ಟಂತೆ.

ವಸ್ತು ಅಸಲಿಯೆಂದು ತಿಳಿದೊಡನೆ ಶಂಕೆ ತೀರಿತೆಂದು ಕೊಳ್ಳುವವರು ನೆಮ್ಮದಿಗೊಳ್ಳುತ್ತಾರೆ. ನನಗೆ ಭಯವಾಗುವುದು ಇಲ್ಲಿಯೇ. ತಮಿಳುನಾಡಿನ ಶ್ರೀಪುರಂದಾನ್ ಗ್ರಾಮದ ದೇವಾಲಯದ ನಟರಾಜನನ್ನು ನೋಡಿ. ಚೋಳರ ಕಾಲದ ಆ ಕಂಚಿನ ಮೂರ್ತಿಯ ಪ್ರಾಚೀನತೆಯಲ್ಲಿ ಲೋಪವೇನೂ ಇರಲಿಲ್ಲ. 2008ರಲ್ಲಿ ಆಸ್ಟ್ರೇಲಿಯದ ರಾಷ್ಟ್ರೀಯ ಕಲಾಶಾಲೆ ಅದನ್ನು ನ್ಯೂಯಾರ್ಕಿನ ವ್ಯಾಪಾರಿ ಸುಭಾಷ್ ಕಪೂರನಿಂದ 50 ಲಕ್ಷ ಡಾಲರಿಗೆ ಕೊಂಡಿತು. ಕಾಗದಪತ್ರಗಳೂ ಇದ್ದವು: ರಾಜತಂತ್ರಜ್ಞನೊಬ್ಬನ ಪತ್ನಿ 1970ರಲ್ಲಿ ದೆಹಲಿಯಲ್ಲಿ ಕೊಂಡದ್ದೆಂದು ಅವು ಹೇಳುತ್ತಿದ್ದವು. 1972ರ ಪ್ರಾಚೀನವಸ್ತುಗಳ ಕಾಯಿದೆಗೆ ಎರಡು ವರ್ಷ ಮೊದಲಿನ ತಾರೀಖು! ಇಷ್ಟು ಅನುಕೂಲವಾದ ತಾರೀಖೇ ಅನುಮಾನಕ್ಕೆ ಸಾಕಾಗಬೇಕಿತ್ತು. ಪುದುಚೇರಿಯ ಫ್ರೆಂಚ್ ಸಂಸ್ಥೆಯವರು 1994ರಲ್ಲಿ ತೆಗೆದ ಛಾಯಾಚಿತ್ರದಲ್ಲಿ ಅದೇ ನಟರಾಜ ತನ್ನ ಗುಡಿಯಲ್ಲಿಯೇ ಇದ್ದ. 2014ರಲ್ಲಿ ಮೂರ್ತಿ ಭಾರತಕ್ಕೆ ಮರಳಿತು. ಇಲ್ಲಿ ಕಂಚು ನಿಜ, ಕಾಗದ ಕೂಟ.

ಆದುದರಿಂದ ಪ್ರಶ್ನೆಗಳು ಎರಡು. ಒಂದರ ಉತ್ತರ ಇನ್ನೊಂದಕ್ಕೆ ಸಲ್ಲದು. ಇದು ಹಳೆಯದೇ? ಇದನ್ನು ಮಾರುವ ಹಕ್ಕು ಇವನಿಗುಂಟೇ? ಮೊದಲನೆಯದರಲ್ಲಿ ಮೋಸಹೋದವನು ತನ್ನ ಹಣವನ್ನು ಕಳೆದುಕೊಳ್ಳುತ್ತಾನೆ. ಎರಡನೆಯದನ್ನು ಕೇಳದೆ ಬಿಟ್ಟವನಿಂದ ಕಳೆದುಕೊಳ್ಳುವವರು ಬೇರೆಯವರು: ಒಂದು ಊರು ತನ್ನ ದೇವರನ್ನು ಕಳೆದುಕೊಳ್ಳುತ್ತದೆ, ಯಾವ ಮಣ್ಣಿನಿಂದ, ಯಾವುದರ ಜೊತೆಯಲ್ಲಿ ವಸ್ತು ಹೊರಬಂತೆಂಬ ಇತಿಹಾಸದ ಸಾಕ್ಷ್ಯ ಎಂದೆಂದಿಗೂ ಅಳಿಯುತ್ತದೆ. ಆ ಕಾಯಿದೆಯಂತೆ ನೂರು ವರ್ಷ ದಾಟಿದ ಪ್ರಾಚೀನವಸ್ತುಗಳ ವ್ಯಾಪಾರಕ್ಕೆ ಪರವಾನಗಿ ಬೇಕು. ಶಿಲ್ಪ, ವರ್ಣಚಿತ್ರಗಳಂಥವಕ್ಕೆ ನೋಂದಣಿಯೂ ಬೇಕು. ಖಾಸಗಿಯವರು ಹೊರದೇಶಕ್ಕೆ ಸಾಗಿಸುವಂತಿಲ್ಲ. ಆ ಪತ್ರಗಳನ್ನು ಕೇಳಲು ಸಂಕೋಚವೇಕೆ?

ಶ್ರೀಪುರಂದಾನಿನ ಸತ್ಯವನ್ನು ಉಳಿಸಿದವರು ಮೂರ್ತಿಯನ್ನು ಕೊಳ್ಳಬಯಸಿದವರಲ್ಲ. ಸುಮ್ಮನೆ ಅದರ ಚಿತ್ರ ತೆಗೆದು, ಊರಿನ ಹೆಸರು ಬರೆದಿಟ್ಟವರು. ನಮ್ಮ ಅಧ್ಯಾಪಕರೂ ವಿದ್ಯಾರ್ಥಿಗಳೂ ತಂತಮ್ಮ ಊರಿನ ಗುಡಿಯ ಮೂರ್ತಿಗಳನ್ನು, ವೀರಗಲ್ಲುಗಳನ್ನು ಹಾಗೆ ಚಿತ್ರಿಸಿ, ಅಳತೆಯೊಡನೆ ದಾಖಲಿಸಿಡಬಾರದೇ? ಕಾಸಿನ ಖರ್ಚಿಲ್ಲ. ನಾಳೆ ಎಲ್ಲಿಯೋ ಯಾವನೋ ಅದನ್ನು ತನ್ನದೆಂದು ಮಾರಲು ಹೊರಟರೆ, ಅಲ್ಲವೆಂದು ಹೇಳಲು ಆ ಒಂದು ಚಿತ್ರ ಸಾಕು.