ಹತ್ತಿಯ ಅರಳೆಯೂ ಬಿಂಬಪ್ರತಿಬಿಂಬಗಳ ವಿವೇಚನೆಯೂ

ಶಿಗ್ಗಾಂವಿ ತಾಲೂಕಿನ ತಡಸದ ಸುತ್ತಣ ಸೀಮೆಗೆ ಹತ್ತಿಯು ಚಿರಪರಿಚಿತವಾದ ಬೆಳೆಯು. ಅದರ ಅರಳೆಯು ನೂಲಾಗಿ ಮನುಷ್ಯನ ಮಾನವನ್ನು ಕಾಯುವದು ಸರ್ವವಿದಿತವು. ಅದೇ ಅರಳೆಯ ಮೂಲದ್ರವ್ಯವು, ಕಣ್ಣಿಗೂ ತಕ್ಕಡಿಗೂ ಒಂದೇ ಆಗಿ ತೋರುವ ಎರಡು ಔಷಧದ್ರವ್ಯಗಳನ್ನು ಬೇರ್ಪಡಿಸಬಲ್ಲದೆಂಬುದು ಮಾತ್ರ ಸಾಹಿತ್ಯವ್ಯಾಸಂಗಿಗಳಲ್ಲಿ ಅನೇಕರು ಅರಿಯದ ಸಂಗತಿಯು. ಅದನ್ನು ಯಥಾಮತಿ ವಿವರಿಸುವದೇ ಈ ಲೇಖನದ ಉದ್ದೇಶವು.

ಎಡಗೈ ಬಲಗೈಗಳಲ್ಲಿ ಬೆರಳುಗಳ ಸಂಖ್ಯೆಯೂ ಕ್ರಮವೂ ಒಂದೇ. ಆದರೂ ಒಂದರ ಸ್ಥಾನದಲ್ಲಿ ಇನ್ನೊಂದು ಹೊಂದದು. ಒಂದು ಬಿಂಬ, ಇನ್ನೊಂದು ಕನ್ನಡಿಯೊಳಗಣ ಪ್ರತಿಬಿಂಬ. ಅಣುಗಳಲ್ಲಿಯೂ ಇಂಥ ಜೋಡಿಗಳುಂಟು. ಹುಣಸೆಯ ಹುಳಿಗೆ ಕಾರಣವಾದ ಟಾರ್ಟಾರಿಕ್ ಆಮ್ಲದ ಜಾತಿಯ ಒಂದು ಲವಣದ ಹರಳುಗಳನ್ನು 1848ರಲ್ಲಿ ಫ್ರಾನ್ಸಿನ ಲೂಯಿ ಪಾಶ್ಚರರು ಪರೀಕ್ಷಿಸಿ, ಎಡಮೊಗದವನ್ನೂ ಬಲಮೊಗದವನ್ನೂ ಕೈಯಿಂದಲೇ ಆರಿಸಿ ಬೇರೆಯಿಟ್ಟರು.

ಈ ಭೇದವು ಬರಿಯ ಕುತೂಹಲದ ವಿಷಯವಲ್ಲ. ಆಯುರ್ವೇದದಲ್ಲಿ ಕಪಿಕಚ್ಛುವೆಂದು ಪ್ರಸಿದ್ಧವಾದ ನಸುಗುನ್ನಿಯ ಬೀಜದಲ್ಲಿ ಡೋಪಾ ಎಂಬ ದ್ರವ್ಯವಿದೆ. ಪ್ರಕೃತಿಯು ಅಲ್ಲಿ ಇರಿಸಿರುವದು ಅದರ ಎಡರೂಪವನ್ನು. ಪಾರ್ಕಿನ್ಸನ್ನನ ಹೆಸರಿನ ಕಂಪವಾತಕ್ಕೆ 1967ರಲ್ಲಿ ಅಮೆರಿಕೆಯ ಕೋಟ್ಜಿಯಾಸರು ಎರಡೂ ರೂಪಗಳ ಮಿಶ್ರಣವನ್ನು ಕೊಟ್ಟಾಗ ರೋಗಿಗಳಿಗೆ ಗುಣವು ಕಂಡಿತಾದರೂ, ಕೆಲವರ ನೆತ್ತರಿನಲ್ಲಿ ಬಿಳಿಯ ಕಣಗಳು ಕುಂದಿದವು. ಬಳಿಕ ಎಡರೂಪವೊಂದನ್ನೇ ಕೊಟ್ಟು, 1969ರಲ್ಲಿ ಅದರ ಫಲವನ್ನು ಪ್ರಕಟಿಸಿದರು. ಇಂದಿಗೂ ಅದೇ ಔಷಧವಾಗಿದೆ.

ಹಾಗಾದರೆ ಬೇರ್ಪಡಿಸುವದು ಹೇಗೆ? ಎಡಬಲಗಳ ಭೇದವು ತನ್ನಲ್ಲಿಲ್ಲದ ವಸ್ತುವು ಇತರರ ಎಡಬಲಗಳನ್ನು ಗುರುತಿಸದು. ಚೆಂಡು ಎರಡೂ ಕೈಗಳಿಗೆ ಸಮನಾಗಿ ಒದಗುವದು. ಬಲಗಾಲಿನ ಕೆರವಾದರೋ ಎಡಗಾಲಿಗೆ ಒದಗದು. ಅಂಥ ಕೆರವನ್ನು ಒದಗಿಸುವದು ಹತ್ತಿ. ಅರಳೆಯು ಬಹುಮಟ್ಟಿಗೆ ಸೆಲ್ಯುಲೋಸು. ಎಂದರೆ ಗ್ಲೂಕೋಸು ಎಂಬ ಶರ್ಕರದ ಮಣಿಗಳನ್ನು ಪೋಣಿಸಿದ ಮಾಲೆಯು. ಆ ಮಣಿಗಳೆಲ್ಲವೂ ಒಂದೇ ಕೈಯವು. ಹಾನಗಲ್ಲ ಸೀಮೆಯ ಅಕ್ಕಿಯಲ್ಲಿರುವ ಅಮೈಲೋಸೂ ಇಂಥದೇ ಬಹುಶರ್ಕರವು.

1951ರಲ್ಲಿ ಜಪಾನಿನ ಶೋಧಕರು ಸೆಲ್ಯುಲೋಸಿನದೇ ಆದ ಕಾಗದದ ಮೇಲೆ ಕೆಲವು ಅಮೈನೋ ಆಮ್ಲಗಳ ಎರಡು ರೂಪಗಳನ್ನು ಬೇರ್ಪಡಿಸಿದರು. 1984ರಲ್ಲಿ ಅದೇ ದೇಶದ ಯೋಶಿಯೊ ಒಕಾಮೊಟೊ ಮತ್ತು ಅವರ ಸಂಗಡಿಗರು ಸೆಲ್ಯುಲೋಸಿಗೆ ಕಾರ್ಬಮೇಟೆಂಬ ಉಪಾಂಗಗಳನ್ನು ಜೋಡಿಸಿ, ಅದನ್ನು ಸಿಲಿಕದ ಸೂಕ್ಷ್ಮಕಣಗಳಿಗೆ ಲೇಪಿಸಿದರು. ಇಂಥ ಕಣಗಳನ್ನು ಉಕ್ಕಿನ ನಳಿಕೆಯಲ್ಲಿ ಒತ್ತಾಗಿ ತುಂಬಿದರೆ ಅದೇ ಸ್ತಂಭವು. ಸಾಮಾನ್ಯವಾಗಿ ಅದರ ಉದ್ದವು 25 ಸೆಂಟಿಮೀಟರು, ಒಳವ್ಯಾಸವು 4.6 ಮಿಲಿಮೀಟರು. ಹೆಕ್ಸೇನಿಗೆ ತುಸು ಆಲ್ಕೊಹಾಲನ್ನು ಬೆರಸಿ ಒತ್ತಡದಿಂದ ಹರಿಸುವರು. ಆ ಪ್ರವಾಹದಲ್ಲಿ ಮಿಶ್ರಣವನ್ನು ಬಿಡುವರು. ಮಾಲೆಯ ತಿರುವುಗಳಲ್ಲಿ ಚೆನ್ನಾಗಿ ಹೊಂದುವ ರೂಪವು ಹೆಚ್ಚು ಹೊತ್ತು ತಂಗುವದು. ಹೊಂದದ ರೂಪವು ಮುಂಚೆ ಹೊರಬೀಳುವದು. ಹೃದಯದ ಔಷಧವಾದ ಪ್ರೊಪ್ರನೊಲೋಲಿನ ಎರಡು ರೂಪಗಳು ಹೀಗೆಯೇ ಬೇರ್ಪಡುತ್ತವೆ. ನೂರರಲ್ಲಿ ಒಂದಂಶಕ್ಕೂ ಕಡಿಮೆಯಾದ ಬೆರಕೆಯೂ ಈ ಪರೀಕ್ಷೆಗೆ ಸಿಕ್ಕಬಲ್ಲದು.

ಆದರೆ ಸ್ತಂಭವು ವಿಂಗಡಿಸುವದೇ ಹೊರತು ಹೆಸರಿಡುವದಿಲ್ಲ. ಮುಂಚೆ ಬಂದುದು ಎಡವೋ ಬಲವೋ ಎಂಬುದನ್ನು ಅನ್ಯಪ್ರಮಾಣಗಳಿಂದಲೇ ನಿರ್ಣಯಿಸಬೇಕು. ಪರಿಭಾಷೆಯನ್ನು ರಚಿಸುವ ನಾವೂ ಇಲ್ಲಿ ಎಚ್ಚರದಿಂದಿರತಕ್ಕದ್ದು. ಅಣುವಿನ ರೂಪದ ಎಡಬಲಗಳೇ ಬೇರೆ, ಅದು ಬೆಳಕಿನ ಕಂಪನತಲವನ್ನು ತಿರುಗಿಸುವ ಎಡಬಲಗಳೇ ಬೇರೆ. ಹುಣಸೆಯ ಆಮ್ಲವು ರೂಪಗಣನೆಯಲ್ಲಿ ಎಡದ್ದಾದರೂ ಬೆಳಕನ್ನು ಬಲಕ್ಕೆ ತಿರುಗಿಸುವದು. ‘ವಾಮ’ವೆಂಬ ಒಂದೇ ಶಬ್ದದಿಂದ ಎರಡನ್ನೂ ಹೇಳಹೊರಟರೆ, ಅರಳೆಯು ಬೇರ್ಪಡಿಸಿದುದನ್ನು ನಮ್ಮ ಭಾಷೆಯೇ ಮತ್ತೆ ಬೆರಸಿದಂತಾಗುವದು.